‘ಲಾಸ್ಟ್’ ಹೇಳಿದ್ದೇ ಕೊನೆಯ ಮಾತಲ್ಲ

ಹಲವರು ಹಂಚಿಕೊಂಡು ಬಳಸುವ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತ ನಾನು ಕಲಿತದ್ದು, ಲಾಗಿನ್ ದಾಖಲೆಯನ್ನು ಹಾಜರಿ ಪುಸ್ತಕದಂತೆ ಓದಬಾರದು ಎಂಬುದನ್ನು. ‘ಲಾಸ್ಟ್’ ಎಂಬ ಕಮಾಂಡ್ ಕೊಟ್ಟರೆ ಡಬ್ಲ್ಯುಟಿಎಂಪಿ ಫೈಲಿನಿಂದ ಖಾತೆಯ ಹೆಸರು, ಟರ್ಮಿನಲ್, ಐಪಿ ವಿಳಾಸ, ಬಂದುಹೋದ ಹೊತ್ತು ಸಾಲುಸಾಲಾಗಿ ಬರುತ್ತವೆ. ಪಟ್ಟಿ ಅಷ್ಟು ಅಚ್ಚುಕಟ್ಟಾಗಿರುವುದರಿಂದಲೇ ಮೋಸಹೋಗುತ್ತೇವೆ. ಎಸ್‌ಎಸ್‌ಎಚ್ ಮೂಲಕ ಒಂದೇ ಕಮಾಂಡ್ ಓಡಿಸಿ ಹೋದವರು, ಎಸ್‌ಎಫ್‌ಟಿಪಿಯಲ್ಲಿ ಫೈಲ್ ಸಾಗಿಸಿದವರು ಟರ್ಮಿನಲ್ ತೆರೆದಿರುವುದಿಲ್ಲ; ಸಾಮಾನ್ಯವಾಗಿ ಅವರ ಸುಳಿವು ಅಲ್ಲಿರದೆ ದೃಢೀಕರಣದ ಲಾಗ್‌ನಲ್ಲಿರುತ್ತದೆ. ನಾಲ್ವರು ಒಂದೇ ಪಾಸ್‌ವರ್ಡ್ ಬಳಸುತ್ತಿದ್ದರಂತೂ ಸಿಗುವುದು ಖಾತೆ ಮಾತ್ರ, ಆಳಲ್ಲ.

ಇದಕ್ಕಿಂತ ದೊಡ್ಡ ಕೊರತೆ, ಯಂತ್ರದ ಮೇಲೆ ಪೂರ್ಣ ಹಿಡಿತ ಕೊಡುವ ರೂಟ್ ಅಧಿಕಾರ ಕೈಗೆ ಸಿಕ್ಕವನು ಆ ಫೈಲನ್ನೇ ತಿದ್ದಬಲ್ಲ. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಕ್ಲಿಫರ್ಡ್ ಸ್ಟಾಲ್ ಬೆನ್ನುಹತ್ತಿದ ನುಸುಳುಕೋರನ ಪ್ರಕರಣ ಶುರುವಾದದ್ದು ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ ಬಂದ 75 ಸೆಂಟುಗಳ ವ್ಯತ್ಯಾಸದಿಂದ. ಒಳನುಗ್ಗಿದವನು ರೂಟ್ ಅಧಿಕಾರ ಪಡೆದಿದ್ದ. ಯಾರು ಯಾರು ಲಾಗಿನ್ ಆಗಿದ್ದಾರೆಂದು ನೋಡಿಕೊಳ್ಳುತ್ತಲೂ ಇದ್ದ. ಸ್ಟಾಲ್ ಯಂತ್ರದೊಳಗಿನ ದಾಖಲೆಯನ್ನಷ್ಟೇ ನೆಚ್ಚದೆ, ಹೊರಗಿನಿಂದ ಬರುವ ಲೈನುಗಳಿಗೇ ಪ್ರಿಂಟರ್ ಕಟ್ಟಿ, ಅವನು ಒತ್ತಿದ್ದನ್ನೆಲ್ಲ ಕಾಗದದ ಮೇಲೆ ಇಳಿಸಿಕೊಂಡರು. ಕಾಗದವನ್ನು ದೂರದಿಂದ ಅಳಿಸಲಾಗದು. ಇಂದು ಅದೇ ಕೆಲಸವನ್ನು ಮಾಡುವುದು ಲಾಗ್‌ಗಳನ್ನು ಆಗಿಂದಾಗಲೇ ಇನ್ನೊಂದು ಯಂತ್ರಕ್ಕೆ ಕಳಿಸುವ ಆರ್‌ಸಿಸ್‌ಲಾಗ್.

ಹತ್ತು ಜನರ ಕಚೇರಿಗೆ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಖರ್ಚಿನ ಮಾತಾದರೆ, ಲಾಗ್ ಬರೀ ಪಠ್ಯ. ಹಳೆಯದೊಂದು ಯಂತ್ರ ಸಾಕು. ಕಾನೂನಿನ ಮಾತಾದರೆ, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಕೊಟ್ಟಿದೆ; ಡಬ್ಲ್ಯುಟಿಎಂಪಿಯನ್ನು ತಿಂಗಳಿಗೊಮ್ಮೆ ಸರಿಸಿ, ಹಳೆಯದೊಂದನ್ನು ಮಾತ್ರ ಉಳಿಸುವ ರೂಢಿಯ ಲಾಗ್‌ರೊಟೇಟ್ ವ್ಯವಸ್ಥೆಗೆ ಅದು ಹೊಂದದು. ಇದು ನೌಕರರ ಮೇಲಿನ ಬೇಹುಗಾರಿಕೆ ಎಂಬ ಆಕ್ಷೇಪವನ್ನು ಮಾತ್ರ ನಾನು ಹಗುರವಾಗಿ ಕಾಣುವುದಿಲ್ಲ. ಅವಸರದಲ್ಲಿ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಒತ್ತುವವರು ಎಲ್ಲೆಡೆ ಇದ್ದಾರೆ. ವಿಫಲ ಲಾಗಿನ್‌ಗಳ ಬಿಟಿಎಂಪಿಯಲ್ಲಿ ಅದು ಹಾಗೇ ಉಳಿದುಬಿಡಬಹುದು. ಆದ್ದರಿಂದ ಪ್ರತಿಯನ್ನು ಯಾರು ಓದಬಹುದು, ಎಂದು ಅಳಿಸಬೇಕು ಎಂಬುದನ್ನು ಕಳಿಸುವ ಮೊದಲೇ ತೀರ್ಮಾನಿಸಿ ಎಲ್ಲರಿಗೂ ತಿಳಿಸಿರಬೇಕು.

ಹೊಸ ತಂತ್ರಾಂಶ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆ ನನಗಿಲ್ಲ. ಹಳೆಯ ಡಬ್ಲ್ಯುಟಿಎಂಪಿ ಫೈಲಿನ 32 ಬಿಟ್ ಗಡಿಯಾರ 2038ರ ಜನವರಿ 19ಕ್ಕೆ ತುಂಬಿಹೋಗುವುದರಿಂದ ಎಸ್‌ಕ್ಯೂಲೈಟ್ ಆಧಾರಿತ ಡಬ್ಲ್ಯುಟಿಎಂಪಿಡಿಬಿ ಬಂದಿದೆ. ತಾರೀಖಿನ ತೊಂದರೆ ಅದರಿಂದ ತೀರಿತು, ಆದರೆ ಆ ಡೇಟಾಬೇಸ್ ಕೂಡ ಕೂತಿರುವುದು ಅದೇ ಡಿಸ್ಕಿನಲ್ಲಿ, ಅದೇ ರೂಟ್‌ನ ಕೈಯಳತೆಯಲ್ಲಿ.