ಇನ್ಸುಲಿನ್ ಆಪ್ ಬಳಸುವವರು ಫೋನ್ ಬದಲಿಸುವಾಗ

ಮನೆಗೆ ಹೊಸ ಫೋನ್ ಬಂದರೆ ಮಕ್ಕಳಿಗೆ ಹಬ್ಬ. ಹಳೆಯ ಫೋನಿನ ಚಿತ್ರಗಳು, ನಂಬರುಗಳು, ವಾಟ್ಸ್‌ಆಪ್ ಎಲ್ಲ ಹೊಸದಕ್ಕೆ ಬಂದರೆ ಕೆಲಸ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ಆದರೆ ಆ ಫೋನೇ ಮಗುವಿನ ಮೈಗೆ ಎಷ್ಟು ಇನ್ಸುಲಿನ್ ಹೋಗಬೇಕೆಂದು ತೀರ್ಮಾನಿಸುತ್ತಿದ್ದರೆ ವಿಷಯ ಬೇರೆ. ಕಳೆದ ಕೆಲವು ವರ್ಷಗಳಿಂದ ಇಂತಹ ಆಪ್ ಬಳಸುವ ಕುಟುಂಬಗಳು ನಮ್ಮ ನಡುವೆಯೂ ಇವೆ. ಊರಿನಲ್ಲಿ ಕೆಲವೇ ಮನೆ, ಗಲ್ಫ್‌ನಲ್ಲಿರುವ ನಮ್ಮವರಲ್ಲಿ ಇನ್ನೂ ಕೆಲವು. ಅವರಿಗಾಗಿ ಮತ್ತು ಅವರ ಅಜ್ಜ ಅಜ್ಜಿಯರಿಗಾಗಿ ಈ ಲೇಖನ.

ಟೈಪ್ 1 ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ತಯಾರಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೂ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ನನ್ನ ಪದವಿ ಯುನಾನಿ ವೈದ್ಯಪದ್ಧತಿಯದ್ದು. ಆದುದರಿಂದಲೋ ಏನೋ, "ಯಂತ್ರ ತೆಗೆದು ಕಷಾಯ ಕೊಡಿ" ಎಂದು ಕೇಳಿಕೊಂಡು ಬರುವ ತಂದೆ ತಾಯಿ ನನಗೆ ಆಗಾಗ ಸಿಗುತ್ತಾರೆ. ಹಾಗಲಕಾಯಿ, ನೇರಳೆ ಬೀಜ, ಮಧುನಾಶಿನಿ ಸೊಪ್ಪು ಯಾವುದೂ ಟೈಪ್ 1 ಮಗುವಿಗೆ ಇನ್ಸುಲಿನ್ನಿನ ಬದಲಿಯಲ್ಲ. ನಾನು ಅವರನ್ನು ಹಾರ್ಮೋನ್ ತಜ್ಞರ ಬಳಿಗೇ ಕಳುಹಿಸುತ್ತೇನೆ. ಇನ್ಸುಲಿನ್ ನಿಲ್ಲಿಸಿ ಎಂದು ಹೇಳುವವರು ಯಾವ ಪದ್ಧತಿಯವರಾದರೂ ಅವರ ಮಾತು ಕೇಳಬೇಡಿ.

ಇನ್ನು ಆಪ್‌ನ ವಿಷಯ. ಮೈಗೆ ಅಂಟಿಸಿದ ಸೆನ್ಸರ್ ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ ಸಕ್ಕರೆಯ ಮಟ್ಟವನ್ನು ಫೋನಿಗೆ ತಿಳಿಸುತ್ತದೆ. ಫೋನಿನಲ್ಲಿರುವ ಆಪ್ ಲೆಕ್ಕ ಹಾಕಿ ಬ್ಲೂಟೂತ್ ಮೂಲಕ ಪಂಪಿಗೆ ಆದೇಶ ಕೊಡುತ್ತದೆ. ಸಕ್ಕರೆ ಇಳಿಯುತ್ತಿದ್ದರೆ ಇನ್ಸುಲಿನ್ ತಗ್ಗಿಸುತ್ತದೆ, ಏರುತ್ತಿದ್ದರೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತದೆ. ಅಮೆರಿಕದ ಡಾನಾ ಲೂಯಿಸ್ ಎಂಬ ಮಹಿಳೆ ಸ್ವತಃ ಟೈಪ್ 1 ಮಧುಮೇಹಿ. ಅವರೂ ಅವರ ಸಂಗಡಿಗರೂ ಇಂತಹ ಲೆಕ್ಕಾಚಾರದ ವಿಧಾನವನ್ನು ಓಪನ್ ಎಪಿಎಸ್ ಎಂಬ ಹೆಸರಿನಲ್ಲಿ 2015ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಅದನ್ನೇ ಆಧರಿಸಿ ಆಂಡ್ರಾಯ್ಡ್ ಫೋನಿಗೆ ಬಂದದ್ದು ಆಂಡ್ರಾಯ್ಡ್ ಎಪಿಎಸ್. ಇದು ಪ್ಲೇ ಸ್ಟೋರ್‌ನಲ್ಲಿ ಸಿಗುವುದಿಲ್ಲ. ಬಳಸುವವರೇ ಕಟ್ಟಿಕೊಳ್ಳಬೇಕು, ಹೊಣೆಯೂ ಅವರದ್ದೇ. ಹಾಗಾಗಿ ಫೋನ್ ಬದಲಿಸುವ ದಿನ ಸಹಾಯಕ್ಕೆ ಕಂಪೆನಿಯ ಪ್ರತಿನಿಧಿ ಯಾರೂ ಬರುವುದಿಲ್ಲ.

ನನ್ನ ತಂಗಿಯ ಮಗನಿಗೆ ಹದಿಮೂರು ವರ್ಷ. ಅವರು ಹೊರದೇಶದಲ್ಲಿದ್ದಾರೆ. ಅವನದ್ದು ಮೈಗೆ ಅಂಟಿಸುವ, ಕೊಳವೆ ಇಲ್ಲದ ಪಂಪ್. ಒಂದು ರಾತ್ರಿ ಒಂಬತ್ತಕ್ಕೆ ಬಿರಿಯಾನಿ ಊಟ, ಅದಕ್ಕೆ ಹಳೆಯ ಫೋನಿನಿಂದ ಎಂಟು ಯೂನಿಟ್ ಇನ್ಸುಲಿನ್. ಸ್ವಲ್ಪ ಹೊತ್ತಿನಲ್ಲೇ ಫೋನ್ ಕೈಜಾರಿ ಬಿದ್ದು ಪರದೆ ಕಪ್ಪಾಯಿತು. ಭಾವ ಅಂಗಡಿಗೆ ಓಡಿ ಹೊಸ ಫೋನ್ ತಂದರು. ಸೆಟ್ಟಿಂಗ್ ಫೈಲನ್ನು ಮೊದಲೇ ಬೇರೆ ಕಡೆ ಉಳಿಸಿದ್ದರು, ಅದು ಸರಿಯಾಗಿಯೇ ಕೂತಿತು. ಹೊಸ ಪಂಪ್ ಅಂಟಿಸಿದರು. ಹತ್ತೂವರೆಗೆ ಎಲ್ಲವೂ ಚಾಲೂ. ಸಕ್ಕರೆ 210, ಮೇಲೇರುತ್ತಿತ್ತು. ಬಿರಿಯಾನಿಯ ರಾತ್ರಿ ಅದು ಸಹಜ, ಒಂಬತ್ತರ ಇನ್ಸುಲಿನ್ ಇನ್ನೂ ಅರ್ಧವೂ ಕೆಲಸ ಮಾಡಿರಲಿಲ್ಲ. ಆದರೆ ಹೊಸ ಫೋನಿಗೆ ಒಂಬತ್ತು ಗಂಟೆಯ ವಿಷಯವೇ ಗೊತ್ತಿಲ್ಲ. ದೇಹದಲ್ಲಿ ಬಾಕಿ ಇರುವ ಇನ್ಸುಲಿನ್ ಎಂಬಲ್ಲಿ ಅದು ಸೊನ್ನೆ ತೋರಿಸುತ್ತಿತ್ತು. ಏರುತ್ತಿರುವ 210ನ್ನು ನೋಡಿ ಅದು ತನ್ನ ಕರ್ತವ್ಯವನ್ನು ಮಾಡಿತು, ಒಂದೂವರೆ ಗಂಟೆಯಲ್ಲಿ ಚೂರು ಚೂರಾಗಿ ಮೂರು ಯೂನಿಟ್‌ಗೂ ಹೆಚ್ಚು ಕೊಟ್ಟಿತು. ಹನ್ನೆರಡು ದಾಟಿದ ಮೇಲೆ ಸೆನ್ಸರಿನ ಓದು ಬರುವುದೂ ನಿಂತಿತು. ಹೊಸ ಫೋನು ಬ್ಯಾಟರಿ ಉಳಿಸಲೆಂದು ಸೆನ್ಸರಿನ ಆಪನ್ನು ತಾನಾಗಿಯೇ ಮಲಗಿಸಿತ್ತು. ಅಲಾರಂ ಕೂಗಲಿಲ್ಲ. ನೀರು ಕುಡಿಯಲು ಎದ್ದ ತಂಗಿ ಮಗನ ಹೊದಿಕೆ ಬೆವರಿನಿಂದ ಒದ್ದೆಯಾಗಿರುವುದನ್ನು ಕಂಡಳು. ಬೆರಳು ಚುಚ್ಚಿ ನೋಡಿದರೆ 48. ಎಬ್ಬಿಸಿದಾಗ ಎದ್ದ, ಸಕ್ಕರೆ ನೀರು ಕುಡಿದ. ಅವಳು ನನಗೆ ಫೋನ್ ಮಾಡಿದಾಗ ಇಲ್ಲಿ ಬೆಳಗಿನ ಜಾವ ಮೂರು ಗಂಟೆ. ಅವಳು ಮಾತನಾಡುವ ಮೊದಲು ಅಳುತ್ತಿದ್ದಳು.

ಅಂದು ಅಲ್ಲಿ ಯಾರೂ ಅಜಾಗರೂಕರಾಗಿರಲಿಲ್ಲ. ಸೆಟ್ಟಿಂಗ್ ಬೇರೆ, ನೆನಪು ಬೇರೆ ಎಂಬುದು ತಿಳಿದಿರಲಿಲ್ಲ, ಅಷ್ಟೆ. ಆಂಡ್ರಾಯ್ಡ್ ಎಪಿಎಸ್‌ನಲ್ಲಿ ನಾವು ಎಕ್ಸ್‌ಪೋರ್ಟ್ ಮಾಡಿ ಉಳಿಸುವ ಫೈಲಿನಲ್ಲಿ ಗಂಟೆಗೆ ಎಷ್ಟು ಬೇಸಲ್, ಎಷ್ಟು ಗ್ರಾಂ ಅನ್ನಕ್ಕೆ ಎಷ್ಟು ಯೂನಿಟ್, ಒಂದು ಯೂನಿಟ್ ಎಷ್ಟು ಸಕ್ಕರೆ ಇಳಿಸುತ್ತದೆ, ಗರಿಷ್ಠ ಮಿತಿ ಎಷ್ಟು ಎಂಬುದೆಲ್ಲ ಇರುತ್ತದೆ. ಕಲಿಕೆಯ ಹಂತಗಳನ್ನು ಎಲ್ಲಿಯವರೆಗೆ ಮುಗಿಸಿದ್ದೀರಿ ಎಂಬುದೂ ಇರುತ್ತದೆ. ಫೈಲ್ ಇಲ್ಲದಿದ್ದರೆ ಅವನ್ನು ಒಂದರಿಂದ ಮತ್ತೆ ಆರಂಭಿಸಬೇಕಾದೀತು. ಆದರೆ ಒಂಬತ್ತು ಗಂಟೆಗೆ ಎಂಟು ಯೂನಿಟ್ ಹೋಯಿತು ಎಂಬ ಲೆಕ್ಕ ಆ ಫೈಲಿನಲ್ಲಿ ಇರುವುದಿಲ್ಲ. ಅದು ಹೊಸ ಫೋನಿಗೆ ಬೇರೆ ದಾರಿಯಿಂದ ಬರಬೇಕು. ನೈಟ್‌ಸ್ಕೌಟ್‌ಗೆ ಎಲ್ಲವೂ ದಾಖಲಾಗುತ್ತಿದ್ದರೆ ಅಲ್ಲಿಂದ ಇಳಿಸಿಕೊಳ್ಳಬಹುದು. ಕೆಲವು ಪಂಪುಗಳು ತಮ್ಮಲ್ಲಿರುವ ಇತಿಹಾಸವನ್ನು ಹೊಸ ಫೋನಿಗೆ ಓದಿಸುತ್ತವೆ. ಹಳೆಯದನ್ನು ಕಿತ್ತು ಹೊಸ ಪಂಪ್ ಅಂಟಿಸಿದಲ್ಲಿ ಅದಕ್ಕೂ ಅವಕಾಶವಿಲ್ಲ.

ಆದ್ದರಿಂದ ಹೊಸ ಫೋನಿನಲ್ಲಿ ಮೊದಲು ನೋಡಬೇಕಾದದ್ದು ಸಕ್ಕರೆಯ ಅಂಕಿಯನ್ನಲ್ಲ, ದೇಹದಲ್ಲಿ ಬಾಕಿ ಇರುವ ಇನ್ಸುಲಿನ್ನಿನ ಅಂಕಿಯನ್ನು. ಹಳೆಯ ಫೋನ್ ತೋರಿಸುತ್ತಿದ್ದುದಕ್ಕೂ ಹೊಸದಕ್ಕೂ ಅದು ಹೊಂದುತ್ತದೆಯೇ? ಹೊಂದದಿದ್ದರೆ ಸ್ವಯಂಚಾಲನೆಯನ್ನು ಆರಂಭಿಸಬೇಡಿ. ಓಪನ್ ಲೂಪ್‌ನಲ್ಲಿಡಿ, ಅಂದರೆ ಆಪ್ ಸಲಹೆ ಕೊಡಲಿ, ಕೈ ನಿಮ್ಮದಿರಲಿ. ಈ ಆಪ್ ಇನ್ಸುಲಿನ್ ಕನಿಷ್ಠ ಐದು ಗಂಟೆ ಕೆಲಸ ಮಾಡುತ್ತದೆಂದೇ ಲೆಕ್ಕ ಹಿಡಿಯುತ್ತದೆ. ಕೊನೆಯ ದೊಡ್ಡ ಡೋಸ್ ಆಗಿ ಐದಾರು ಗಂಟೆ ಕಳೆದ ಮೇಲೆ ಹಳೆಯ ಲೆಕ್ಕ ತಾನಾಗಿಯೇ ಚುಕ್ತಾ ಆಗಿರುತ್ತದೆ. ಅಲ್ಲಿಯವರೆಗೆ ಪಂಪು ತನಗೆ ನಿಗದಿಯಾದ ಬೇಸಲ್ ಇನ್ಸುಲಿನ್ ಕೊಡುತ್ತಲೇ ಇರುತ್ತದೆ, ಗಾಬರಿ ಬೇಡ. ಫೋನ್ ಸತ್ತರೂ ಇದೇ ಆಗುವುದು. ಆಪ್ ಕೊಟ್ಟ ತಾತ್ಕಾಲಿಕ ಆದೇಶದ ಅವಧಿ, ಸಾಮಾನ್ಯವಾಗಿ ಅರ್ಧ ಗಂಟೆ, ಮುಗಿದ ಕೂಡಲೇ ಪಂಪ್ ತನ್ನ ಎಂದಿನ ಬೇಸಲ್‌ಗೆ ಮರಳುತ್ತದೆ. ಅಂದು ರಾತ್ರಿ ಹೊಸ ಫೋನ್ ತಾರದೆ, ಅಂಟಿದ್ದ ಪಂಪನ್ನು ಹಾಗೆಯೇ ಬಿಟ್ಟು, ಗ್ಲುಕೋಮೀಟರ್ ಹಿಡಿದು ಬೆಳಗು ಮಾಡಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಬದಲಾಯಿಸುವ ಹೊತ್ತನ್ನು ನೀವೇ ಆರಿಸಿಕೊಳ್ಳಿ. ರಜಾದಿನದ ಬೆಳಿಗ್ಗೆ ಒಳ್ಳೆಯದು. ರಾತ್ರಿಯ ದೊಡ್ಡ ಊಟದ ಇನ್ಸುಲಿನ್ ಅಷ್ಟರಲ್ಲಿ ಕರಗಿರುತ್ತದೆ, ಮನೆಯವರು ಎಚ್ಚರವಿರುತ್ತಾರೆ, ಏನಾದರೂ ತೊಡಕಾದರೆ ಹಗಲಿಡೀ ಸಮಯವಿದೆ. ಪ್ರಯಾಣದ ದಿನ, ಮದುವೆಯ ದಿನ, ಪರೀಕ್ಷೆಯ ಹಿಂದಿನ ದಿನ ಬೇಡ. ವೈದ್ಯರ ಒಪ್ಪಿಗೆಯಿಂದ ಉಪವಾಸ ಆಚರಿಸುವ ದೊಡ್ಡವರು ರಮಝಾನ್ ಮುಗಿಯುವವರೆಗೆ ಹಳೆಯ ಫೋನನ್ನೇ ಇಟ್ಟುಕೊಳ್ಳಲಿ. ಹಬ್ಬದ ಉಡುಗೊರೆಯಾಗಿ ಬಂದ ಫೋನನ್ನು ಹಬ್ಬ ಕಳೆದು ತೆರೆದರಾಯಿತು. ಅಂಟಿಸುವ ಪಂಪಾದರೆ ಅದರ ಅವಧಿ ಮುಗಿಯುವ ದಿನವನ್ನೇ ಆರಿಸಿ. ಒಂದು ಪಾಡ್ ಮೂರು ದಿನದ್ದು, ಅರ್ಧಕ್ಕೆ ಬಿಸಾಡುವುದು ದುಬಾರಿ. ಹಳೆಯ ಪಾಡನ್ನು ಹಳೆಯ ಫೋನಿನಿಂದಲೇ ನಿಷ್ಕ್ರಿಯಗೊಳಿಸಿ, ನಂತರ ಕೈ ಸಾಬೂನಿನಿಂದ ತೊಳೆದು, ಹೊಸ ಜಾಗವನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸದನ್ನು ಅಂಟಿಸಿ. ಒದ್ದೆ ಚರ್ಮದ ಮೇಲೆ ಅಂಟಿಸಿದ್ದು ಸಂಜೆಗೆ ಎದ್ದು ಬರುತ್ತದೆ.

ಫೋನ್ ಕೊಳ್ಳುವ ಮೊದಲೇ ಒಂದು ಪ್ರಶ್ನೆ ಇದೆ. ಈ ಮಾದರಿಯಲ್ಲಿ ನಿಮ್ಮ ಪಂಪ್ ಮತ್ತು ಸೆನ್ಸರ್ ಎರಡೂ ಕೆಲಸ ಮಾಡುತ್ತವೆಯೇ? ಅಂಗಡಿಯ ಹುಡುಗನಿಗೆ ಇದು ತಿಳಿಯುವುದಿಲ್ಲ, ಅವನನ್ನು ದೂರಿ ಫಲವಿಲ್ಲ. ಅದೇ ಆಪ್ ಬಳಸುವ ಇತರರನ್ನು ಕೇಳಿ, ಕಂಪೆನಿಗಳು ಕೊಡುವ ಫೋನುಗಳ ಪಟ್ಟಿ ನೋಡಿ. ಇನ್ನೊಂದು ಮಾತು ಎಕ್ಸ್‌ಚೇಂಜ್ ಆಫರಿನ ಬಗ್ಗೆ. ಹೊಸದನ್ನು ತಂದವನು ಬಾಗಿಲಲ್ಲೇ ನಿಂತು ಹಳೆಯದನ್ನು ಕೇಳುತ್ತಾನೆ. ಇನ್ಸುಲಿನ್ ನಡೆಸುವ ಫೋನನ್ನು ಹಾಗೆ ಕೊಡಬೇಡಿ. ಎರಡೋ ಮೂರೋ ಸಾವಿರ ನಷ್ಟವಾದರೂ ಆಗಲಿ.

ಹಳೆಯ ಫೋನ್ ಕೈಯಲ್ಲಿರುವಾಗಲೇ ಮೇಂಟೆನೆನ್ಸ್ ವಿಭಾಗದಿಂದ ಸೆಟ್ಟಿಂಗ್ ಫೈಲನ್ನು ಎಕ್ಸ್‌ಪೋರ್ಟ್ ಮಾಡಿ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಹಾಕಿ. ಫೋನಿನೊಳಗೇ ಇದ್ದರೆ ಫೋನಿನೊಂದಿಗೇ ಹೋಗುತ್ತದೆ. ಆ ಫೈಲನ್ನು ತೆರೆಯಲು ಮಾಸ್ಟರ್ ಪಾಸ್‌ವರ್ಡ್ ಬೇಕು, ಅದು ಮರೆತರೆ ಫೈಲ್ ಇದ್ದೂ ಇಲ್ಲದಂತೆ. ಇದರ ಜೊತೆಗೆ ಎಲ್ಲ ಅಂಕಿಗಳನ್ನೂ ಒಂದು ಹಾಳೆಯಲ್ಲಿ ಕೈಯಿಂದ ಬರೆದಿಡಿ ಎಂದು ನಾನು ಹೇಳುತ್ತೇನೆ. ಹುಡುಗರು ನಗುತ್ತಾರೆ. ಆದರೆ ಪಂಪ್, ಫೋನ್ ಎರಡೂ ಕೈಕೊಟ್ಟ ದಿನ ಆಸ್ಪತ್ರೆಯಲ್ಲಿ ವೈದ್ಯರು ಕೇಳುವುದು ಇದನ್ನೇ: ದಿನಕ್ಕೆ ಒಟ್ಟು ಬೇಸಲ್ ಎಷ್ಟು, ಊಟಕ್ಕೆ ಎಷ್ಟು?

ಹೊಸ ಫೋನಿನಲ್ಲಿ ಪಂಪ್ ಮತ್ತು ಸೆನ್ಸರಿನ ಬ್ಲೂಟೂತ್ ಜೋಡಣೆ ಹೊಸದಾಗಿಯೇ ಆಗಬೇಕು. ಫೋನಿನಿಂದ ಫೋನಿಗೆ ನಕಲು ಮಾಡುವ ಆಪ್‌ಗಳು ಚಿತ್ರಗಳನ್ನು ತರುತ್ತವೆ, ಜೋಡಣೆಯನ್ನು ತರುವುದಿಲ್ಲ. ಚಾಲ್ತಿಯಲ್ಲಿರುವ ಸೆನ್ಸರ್ ಹೊಸ ಫೋನಿಗೆ ಬರುತ್ತದೆಯೇ ಎಂಬುದು ಕಂಪೆನಿಯನ್ನು ಅವಲಂಬಿಸಿದೆ. ಕೆಲವಕ್ಕೆ ಕೋಡ್ ಮತ್ತೆ ಹಾಕಿದರೆ ಸಾಕು, ಕೆಲವು ತಮ್ಮನ್ನು ಆರಂಭಿಸಿದ ಫೋನನ್ನು ಬಿಟ್ಟು ಬರುವುದಿಲ್ಲ. ಕೋಡ್ ಇರುವ ಡಬ್ಬಿಯನ್ನು ಎಸೆಯದಿರುವುದು ಒಳ್ಳೆಯ ಅಭ್ಯಾಸ. ಹೊಸದು ಓಡಲು ತೊಡಗಿದ ಮೇಲೆ ಹಳೆಯ ಫೋನಿನಲ್ಲಿ ಆಪ್ ನಿಲ್ಲಿಸಿ ಬ್ಲೂಟೂತ್ ಆರಿಸಿ. ಒಂದು ಪಂಪಿಗೆ ಇಬ್ಬರು ಯಜಮಾನರು ಇರಬಾರದು. ಆದರೆ ಏನನ್ನೂ ಅಳಿಸದೆ ಆ ಫೋನನ್ನು ಒಂದೆರಡು ವಾರವಾದರೂ ಕಪಾಟಿನಲ್ಲಿಡಿ.

ಅನಂತರದ ಕೆಲಸ ಬೇಸರದ್ದು, ಆದರೆ ತಂಗಿಯ ಮನೆಯಲ್ಲಿ ತಪ್ಪಿದ್ದು ಅಲ್ಲೇ. ಇನ್ಸುಲಿನ್ ಆಪ್, ಸೆನ್ಸರ್ ಆಪ್ ಎರಡಕ್ಕೂ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡಬೇಕು. ಬ್ಲೂಟೂತ್, ಲೊಕೇಶನ್, ನೋಟಿಫಿಕೇಶನ್ ಅನುಮತಿಗಳನ್ನು ಒಂದೊಂದಾಗಿ ನೋಡಬೇಕು. ಡು ನಾಟ್ ಡಿಸ್ಟರ್ಬ್‌ನಲ್ಲಿಯೂ ಅಲಾರಂ ಕೂಗುವಂತಿರಬೇಕು. ಕೂಗುತ್ತದೆ ಎಂದು ನಂಬಬೇಡಿ, ಕೂಗಿಸಿ ಕೇಳಿ. ತಗ್ಗಿನ ಅಲಾರಂ ಮಿತಿಯನ್ನು ಸ್ವಲ್ಪ ಹೊತ್ತು ಈಗಿನ ಸಕ್ಕರೆಗಿಂತ ಮೇಲಕ್ಕೆ ಇಟ್ಟರೆ ತಿಳಿಯುತ್ತದೆ. ಆಮೇಲೆ ಮತ್ತೆ ಮೊದಲಿನ ಅಂಕಿಗೆ ತರಲು ಮರೆಯಬೇಡಿ. ತಾಯಿಯ ಫೋನಿಗೆ, ಶಾಲೆಯ ಟೀಚರ್ ಫೋನಿಗೆ ಅಂಕಿಗಳು ತಲಪುತ್ತಿವೆಯೇ ಎಂದೂ ನೋಡಿ. ಮೊದಲ ರಾತ್ರಿ ಎರಡು ಬಾರಿ ಎದ್ದು ಬೆರಳು ಚುಚ್ಚಿ ನೋಡಿದರೆ ನಷ್ಟವೇನಿಲ್ಲ.

ಐಫೋನಿನ ಲೂಪ್ ಬಳಸುವವರಿಗೂ ಮೂಲ ವಿಷಯ ಇದೇ. ಅಲ್ಲಿ ಡೋಸ್‌ಗಳ ದಾಖಲೆ ಆಪಲ್ ಹೆಲ್ತ್‌ನಲ್ಲಿ ಇರುತ್ತದೆ, ಅದು ಹೊಸ ಫೋನಿಗೆ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಮೆಡ್‌ಟ್ರಾನಿಕ್ 780ಜಿ ಪಂಪ್ ಇರುವವರ ಚಿಂತೆ ಕಡಿಮೆ, ಏಕೆಂದರೆ ಅದರಲ್ಲಿ ಲೆಕ್ಕ ಹಾಕುವ ಬುದ್ಧಿ ಪಂಪಿನೊಳಗೇ ಇದೆ, ಫೋನ್ ಬರೀ ತೋರಿಸುತ್ತದೆ. ಪಂಪಿನ ಪಟ್ಟಿಯಿಂದ ಹಳೆಯ ಫೋನನ್ನು ತೆಗೆದು ಹೊಸದನ್ನು ಜೋಡಿಸಿದರೆ ಆಯಿತು. ನಡುವೆ ಇನ್ಸುಲಿನ್ ನಿಲ್ಲುವುದಿಲ್ಲ.

ಏನಾದರೂ ತಪ್ಪಿದರೆ ಅಪಾಯ ಎರಡು ಕಡೆಯಿಂದ. ಸಕ್ಕರೆ 70ಕ್ಕಿಂತ ಇಳಿದರೆ 15 ಗ್ರಾಂ ಗ್ಲುಕೋಸ್ ಅಥವಾ ಮೂರು ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ನಮ್ಮ ಮನೆಗಳಲ್ಲಿ ಕೈ ಮೊದಲು ಖರ್ಜೂರಕ್ಕೆ ಹೋಗುತ್ತದೆ. ಬೇರೇನೂ ಇಲ್ಲದಿದ್ದರೆ ಅದೂ ಆದೀತು, ಆದರೆ ಸಕ್ಕರೆ ನೀರು ಅದಕ್ಕಿಂತ ಬೇಗ ರಕ್ತ ಸೇರುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಪಕ್ಕಕ್ಕೆ ಮಲಗಿಸಿ, ವೈದ್ಯರು ಕೊಟ್ಟ ಗ್ಲುಕಗಾನ್ ಇದ್ದರೆ ಕೊಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಇನ್ನೊಂದು ಕಡೆಯದ್ದು ಇನ್ಸುಲಿನ್ ಹೋಗದೆ ಇರುವುದು. ಪಂಪಿನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್. ಹಳೆಯ ಪಂಪ್ ತೆಗೆದಾಗಿದೆ, ಹೊಸದು ಫೋನಿಗೆ ಜೋಡಣೆಯಾಗುತ್ತಿಲ್ಲ, ಮನೆಯವರೆಲ್ಲ ಫೋನಿನ ಸುತ್ತ ತಲೆಬಿಸಿಯಲ್ಲಿದ್ದಾರೆ. ಅಷ್ಟರಲ್ಲಿ ನಾಲ್ಕೈದು ಗಂಟೆ ಕಳೆದರೆ ರಕ್ತದಲ್ಲಿ ಕೀಟೋನ್ ಏರಲು ಸಾಕು. ಸಕ್ಕರೆ 250 ದಾಟಿ ಇಳಿಯದಿದ್ದರೆ ಕೀಟೋನ್ ಪರೀಕ್ಷಿಸಿ, ವೈದ್ಯರು ಹೇಳಿಕೊಟ್ಟ ಪ್ರಮಾಣದಲ್ಲಿ ಪೆನ್ನಿನಿಂದ ಇನ್ಸುಲಿನ್ ಕೊಡಿ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಫೋನನ್ನು ಅಲ್ಲೇ ಬಿಟ್ಟು ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಪೆನ್, ಸೂಜಿ, ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಮತ್ತು ಕೀಟೋನ್ ಪಟ್ಟಿಗಳು, ನಾಲ್ಕೂ ಮನೆಯಲ್ಲಿವೆ ಮತ್ತು ಅವಧಿ ಮೀರಿಲ್ಲ ಎಂದು ಕಣ್ಣಿನಿಂದ ನೋಡಿದ ಮೇಲೆಯೇ ಹೊಸ ಫೋನಿನ ಪೆಟ್ಟಿಗೆ ತೆರೆಯಿರಿ. ತಂಗಿಯ ಮನೆಯಲ್ಲಿ ಈಗ ಅವು ಫ್ರಿಜ್ಜಿನ ಬಾಗಿಲಲ್ಲಿ ಒಂದು ಡಬ್ಬಿಯಲ್ಲಿವೆ, ಅಂಕಿಗಳನ್ನು ಬರೆದ ಹಾಳೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದೆ. ಬರೆದದ್ದು ಹುಡುಗನೇ.