ಮಿಲಿಮೀಟರಿನ ಒಳಗಿನ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತೋಟದ ಮನೆಗಳಲ್ಲಿ ಆಟಿಯ ಮಳೆ ಎಂದರೆ ಕೊಳೆರೋಗದ ಭಯ. ಎಳೆ ಅಡಿಕೆಯನ್ನು ಕೊಳೆಸಿ ಉದುರಿಸುವ ಫೈಟೊಫ್ತೊರಾ ಶಿಲೀಂಧ್ರದಂಥ ಒಂದು ಜೀವಿ. ಅದರ ಬೀಜಾಣುಗಳಿಗೆ ಎರಡು ಬಾಲದಂಥ ಎಳೆಗಳಿವೆ. ಕಾಯಿಯ ಮೇಲಿನ ನೀರಿನಲ್ಲಿ ಅವು ಈಜುತ್ತವೆ. ಒಂದರ ಗಾತ್ರ ಸುಮಾರು 10 ಮೈಕ್ರೋಮೀಟರ್. ಅತಿ ಸಣ್ಣ ಅಳತೆಗಳನ್ನು ಕಲಿಯಲು ನಮ್ಮ ಊರಿನವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ನಿಮ್ಮ ಸ್ಕೇಲಿನ ಎರಡು ಸಣ್ಣ ಗೆರೆಗಳ ನಡುವಿನ ಅಂತರ 1 ಮಿಲಿಮೀಟರ್. ಅದನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು 1 ಮೈಕ್ರೋಮೀಟರ್. ಎಂದರೆ ಆ ಎರಡು ಗೆರೆಗಳ ನಡುವೆ ನೂರು ಬೀಜಾಣುಗಳು ಸಾಲಾಗಿ ನಿಲ್ಲಬಹುದು. ಅಂಗಡಿಯ ಪ್ಲಾಸ್ಟಿಕ್ ಚೀಲದ ಮೇಲೆ ಕಾಣುವ ‘ಮೈಕ್ರಾನ್’ ಇದೇ ಮೈಕ್ರೋಮೀಟರ್. 2022ರ ಡಿಸೆಂಬರ್ 31ರಿಂದ ಅಂಥ ಚೀಲ ಕನಿಷ್ಠ 120 ಮೈಕ್ರಾನ್, ಅಂದರೆ 0.12 ಮಿಲಿಮೀಟರ್ ದಪ್ಪವಿರಬೇಕು.

ಮುಂದೆಯೂ ಸಾವಿರದ ಮೆಟ್ಟಿಲೇ. 1 ಮೈಕ್ರೋಮೀಟರಿಗೆ 1000 ನ್ಯಾನೋಮೀಟರ್, 1 ನ್ಯಾನೋಮೀಟರಿಗೆ 1000 ಪಿಕೋಮೀಟರ್. ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ರೂಪಾಯಿಯನ್ನು ಪೈಸೆಯಲ್ಲಿ ಹೇಳಿದಾಗ ಅಂಕಿ ಬೆಳೆಯುತ್ತದೆ, ಹಣ ಬೆಳೆಯುವುದಿಲ್ಲ. ಹಾಗೆಯೇ ಸಣ್ಣ ಮಾನಕ್ಕೆ ಇಳಿದರೆ ಗುಣಿಸಿ, ದೊಡ್ಡ ಮಾನಕ್ಕೆ ಏರಿದರೆ ಭಾಗಿಸಿ.

ಸುಳ್ಯದ ಕಡೆ ತೋಟಗಳನ್ನು ಹೆಚ್ಚು ಕಾಡಿದ ಹಳದಿ ಎಲೆ ರೋಗವನ್ನು ನೋಡಿ. ಅದಕ್ಕೆ ಕಾರಣವೆಂದು ಗುರುತಿಸಿರುವ ಫೈಟೋಪ್ಲಾಸ್ಮಾ 200ರಿಂದ 800 ನ್ಯಾನೋಮೀಟರ್ ಗಾತ್ರದ್ದು. ಸಾಮಾನ್ಯ ಸೂಕ್ಷ್ಮದರ್ಶಕ 200 ನ್ಯಾನೋಮೀಟರಿನ ಸುಮಾರಿಗೇ ಸೋಲುವುದರಿಂದ ಇದನ್ನು ಸ್ಪಷ್ಟವಾಗಿ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. 500 ನ್ಯಾನೋಮೀಟರನ್ನು ಮಿಲಿಮೀಟರಿಗೆ ತರುವಾಗ ಹಲವರು ಒಂದೇ ಸಲ ಭಾಗಿಸಿ 0.5 ಎಂದು ಬರೆದುಬಿಡುತ್ತಾರೆ. ಅದು ಮೈಕ್ರೋಮೀಟರಿನ ಉತ್ತರ. ಇನ್ನೊಂದು ಮೆಟ್ಟಿಲು ಹತ್ತಿದರೆ 0.0005 ಮಿಲಿಮೀಟರ್. ಅವಸರ ಬೇಡ, ಪ್ರತಿ ಮೆಟ್ಟಿಲಲ್ಲೂ ಅಂಕಿಯ ಪಕ್ಕ ಮಾನದ ಹೆಸರು ಬರೆಯಿರಿ. ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಈಗ ಕೊಳೆರೋಗದ ಮದ್ದಿನ ಕಡೆ ಬರೋಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ: ಇದೇ ಶೇಕಡಾ 1ರ ಬೋರ್ಡೋ ದ್ರಾವಣ. ಬಂಟ್ವಾಳ ತಾಲೂಕಿನದೇ ಆದ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದ್ದರೂ ಈ ಹಳೆಯ ಮದ್ದನ್ನು ತೋಟ ಬಿಟ್ಟಿಲ್ಲ. ಇದರಲ್ಲಿ ಕೆಲಸ ಮಾಡುವುದು ತಾಮ್ರ. ತಾಮ್ರದ ಲೋಹದಲ್ಲಿ ಅಕ್ಕಪಕ್ಕದ ಎರಡು ಪರಮಾಣುಗಳ ಅಂತರ 0.256 ನ್ಯಾನೋಮೀಟರ್, ಅಂದರೆ 256 ಪಿಕೋಮೀಟರ್. ಹಳೆಯ ಪುಸ್ತಕಗಳಲ್ಲಿ ಇದೇ ಅಂತರ 2.56 ಆಂಗ್‌ಸ್ಟ್ರಾಂ ಎಂದಿರುತ್ತದೆ. ಸ್ವೀಡನ್ನಿನ ಭೌತವಿಜ್ಞಾನಿಯ ಹೆಸರಿನ ಈ ಮಾನವೊಂದೇ ಸಾವಿರದ ಮೆಟ್ಟಿಲಿಗೆ ಸೇರದು: 10 ಆಂಗ್‌ಸ್ಟ್ರಾಂ ಸೇರಿದರೆ 1 ನ್ಯಾನೋಮೀಟರ್.

ಕೊನೆಗೆ ಒಂದು ಲೆಕ್ಕ. ಆ ಬೀಜಾಣುವಿನ ಉದ್ದಕ್ಕೆ ತಾಮ್ರದ ಪರಮಾಣುಗಳನ್ನು ಸಾಲಾಗಿಟ್ಟರೆ ಎಷ್ಟು ಬೇಕು? 10ನ್ನು 0.256ರಿಂದ ನೇರವಾಗಿ ಭಾಗಿಸಬೇಡಿ, ಎರಡರ ಮಾನ ಬೇರೆ. ಮೊದಲು 10 ಮೈಕ್ರೋಮೀಟರನ್ನು 10,000 ನ್ಯಾನೋಮೀಟರ್ ಮಾಡಿ, ಆಮೇಲೆ ಭಾಗಿಸಿ. ಸುಮಾರು 39,000 ಪರಮಾಣುಗಳು.