ಕಬ್ಬಿಣದ ಬಳ್ಳಿ

ಮನೆಯ ಕಿಟಕಿಗೆ ಕಂಬಿ ಏಕೆ ಹಾಕುತ್ತಾರೆ? ಗಾಳಿ ಬರಬೇಕು, ಬೆಳಕು ಬರಬೇಕು. ಕಳ್ಳನಾಗಲಿ ಕೋತಿಯಾಗಲಿ ಒಳಗೆ ಬರಬಾರದು. ಇದಕ್ಕೆ ನೆಟ್ಟಗಿನ ಕಂಬಿಗಳೇ ಸಾಕು. ಆದರೂ ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಬೀದಿಗಳಲ್ಲಿ ನಡೆದು ನೋಡಿರಿ. ಕಿಟಕಿಗಳಲ್ಲಿ, ಗೇಟುಗಳಲ್ಲಿ ಕಬ್ಬಿಣದ ಹೂವು, ಬಳ್ಳಿ ಕಾಣುತ್ತವೆ. ಕಾವಲಿನ ಜೊತೆಗೆ ಕಣ್ಣಿಗೆ ಹಿತವೂ ಬೇಕೆಂಬುದು ಮನುಷ್ಯನ ಹಳೆಯ ಆಸೆ.

ನಮ್ಮ ಹಿರಿಯರು ಇಂತಹ ಜಾಲರಿಯನ್ನು ಕಲ್ಲಿನಲ್ಲಿಯೇ ಕೊರೆದರು. ಅದಕ್ಕೆ ಜಾಲಂಧ್ರ ಎನ್ನುತ್ತಾರೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಅಂತಹ ಜಾಲಂಧ್ರಗಳಿವೆ. ವಿಜಾಪುರದ ಇಬ್ರಾಹಿಂ ರೋಜಾದಲ್ಲಿ ಕಿಟಕಿಯ ಕಲ್ಲನ್ನು ಅರಬ್ಬಿ ಅಕ್ಷರಗಳಾಗಿ ಕೊರೆದಿದ್ದಾರೆ. ಅಕ್ಷರಗಳ ಸಂದಿನಿಂದಲೇ ಬೆಳಕು ಒಳಗೆ ಇಳಿಯುತ್ತದೆ!

ಯುರೋಪಿನ ಕಮ್ಮಾರರು ಇದೇ ಕೆಲಸವನ್ನು ಕಬ್ಬಿಣದಲ್ಲಿ ಮಾಡಿದರು. ನಮ್ಮೂರ ಕಮ್ಮಾರನು ಕುಡುಗೋಲು ಮಾಡುವುದನ್ನು ನೀವು ನೋಡಿರಬಹುದು. ತಿದಿ ಒತ್ತಿದರೆ ಕುಲುಮೆಯ ಕೆಂಡ ಉರಿಯುತ್ತದೆ. ಕಬ್ಬಿಣ ಕೆಂಪಗೆ ಕಾದು ಮೆತ್ತಗಾಗುತ್ತದೆ. ಆಗ ಇಕ್ಕಳದಿಂದ ಹಿಡಿದು ಸುತ್ತಿಗೆಯಿಂದ ಬಡಿಯಬೇಕು. ಆರಿದರೆ ಮತ್ತೆ ಕಾಯಿಸಬೇಕು. ಅವರೂ ಹೀಗೆಯೇ ಬಡಿದು, ಬಗ್ಗಿಸಿ, ಎಲೆಗಳನ್ನೂ ಬಳ್ಳಿಗಳನ್ನೂ ಮಾಡಿದರು. ಫ್ರಾನ್ಸ್ ದೇಶದ ನಾನ್ಸಿ ನಗರದಲ್ಲಿ 1755ರಲ್ಲಿ ಒಂದು ದೊಡ್ಡ ಚೌಕ ಸಿದ್ಧವಾಯಿತು. ಅದರ ಮೂಲೆಗಳಿಗೆ ಜಾನ್ ಲಾಮೂರ್ ಎಂಬ ಕುಶಲ ಕಮ್ಮಾರನು ಕಬ್ಬಿಣದ ಜಾಲರಿಗಳನ್ನು ಮಾಡಿದನು. ಅವುಗಳ ಮೇಲೆ ಚಿನ್ನದ ರೇಕು ಹಚ್ಚಿದ್ದಾರೆ. ಇಂದಿಗೂ ಜನರು ದೂರದೂರದಿಂದ ಬಂದು ಅವುಗಳನ್ನು ನೋಡುತ್ತಾರೆ.

ಮುಂದೆ ಎರಕದ ಕಾಲ ಬಂದಿತು. ಮರದಲ್ಲಿ ಒಂದು ಮಾದರಿ ಕೆತ್ತಿ, ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡುವರು. ಅಚ್ಚಿನಲ್ಲಿ ಕರಗಿದ ಕಬ್ಬಿಣವನ್ನು ಸುರಿಯುವರು. ಒಂದೇ ಮಾದರಿಯಿಂದ ನೂರಾರು ಹೂವುಗಳು! ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ವಾಲ್ಟರ್ ಮ್ಯಾಕ್‌ಫರ್ಲೇನ್ ಎಂಬವರ ಕಾರ್ಖಾನೆಯಿತ್ತು. ಅವರು ತಮ್ಮ ಕಂಬ, ಕಟಕಟೆ, ಜಾಲರಿಗಳ ಚಿತ್ರಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ್ದರು. ಚಿತ್ರ ನೋಡಿ ಬೇಕಾದುದನ್ನು ಕೇಳಿದರೆ ಸಾಕು, ಸಾಮಾನು ಹಡಗಿನಲ್ಲಿ ಬರುತ್ತಿತ್ತು.

1897ರಲ್ಲಿ ಮೈಸೂರಿನ ಮರದ ಅರಮನೆಗೆ ಬೆಂಕಿ ಬಿದ್ದಿತು. ಹೊಸ ಅರಮನೆ 1912ರಲ್ಲಿ ಪೂರ್ಣವಾಯಿತು. ಅದರ ಕಲ್ಯಾಣಮಂಟಪದ ಕಬ್ಬಿಣದ ಕಂಬಗಳು ಬಂದದ್ದು ಈ ಗ್ಲಾಸ್ಗೋ ಕಾರ್ಖಾನೆಯಿಂದಲೇ. ಮೇಲಿನ ಬಣ್ಣದ ಗಾಜಿನಲ್ಲಿ ನವಿಲುಗಳಿವೆ. ಮೈಸೂರಿಗೆ ಹೋದಾಗ ತಲೆಯೆತ್ತಿ ನೋಡುವುದನ್ನು ಮರೆಯಬೇಡಿ.

ಎರಕದ ಕಬ್ಬಿಣ ಅಗ್ಗವಾಯಿತು, ನಿಜ. ಆದರೆ ಅದು ಬಗ್ಗುವುದಿಲ್ಲ; ಜೋರಾಗಿ ಪೆಟ್ಟು ಬಿದ್ದರೆ ಒಡೆಯುತ್ತದೆ. ಬಡಿದ ಕಬ್ಬಿಣವಾದರೋ ಬಗ್ಗುತ್ತದೆ, ಸುಲಭವಾಗಿ ಮುರಿಯುವುದಿಲ್ಲ. ಅಚ್ಚು ಬಂದ ಮೇಲೆ ಬಡಿದು ಮಾಡುವವನ ಕೆಲಸ ಕಡಿಮೆಯಾಯಿತು. ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಎರಕದಲ್ಲಿ ಎಲ್ಲ ಎಲೆಗಳೂ ಒಂದೇ ತೆರ. ಬಡಿದುದರಲ್ಲಿ ಒಂದು ಎಲೆ ತುಸು ದಪ್ಪ, ಇನ್ನೊಂದು ತುಸು ವಾರೆ. ಆ ವಾರೆಯೇ ಅದರ ಚೆಲುವು.

ಇಂದು ನಮ್ಮ ಊರುಗಳಲ್ಲಿ ಗೇಟು, ಕಿಟಕಿಗಳನ್ನು ವೆಲ್ಡಿಂಗ್ ಅಂಗಡಿಗಳಲ್ಲಿ ಮಾಡುತ್ತಾರೆ. ಸಿದ್ಧ ಹೂವುಗಳನ್ನು ಕೊಂಡು ಬೆಸೆಯುವುದೂ ಉಂಟು. ಮಳೆನೀರು ತಾಗಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಬಣ್ಣ ಬಳಿಯುತ್ತಾರೆ.

ಮಾಡಿ ನೋಡಿ: ನಿಮ್ಮ ಬೀದಿಯ ಮೂರು ಕಿಟಕಿಗಳ ಜಾಲರಿಯ ಚಿತ್ರ ಬರೆಯಿರಿ. ಅವುಗಳಲ್ಲಿ ಯಾವ ಯಾವ ಆಕಾರಗಳಿವೆ? ವೆಲ್ಡಿಂಗ್ ಅಂಗಡಿಗೆ ಹೋದರೆ ದೂರ ನಿಲ್ಲಿರಿ. ಅದರ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು. ಕೆಲಸ ಮುಗಿದ ಮೇಲೆ ಅಲ್ಲಿಯ ಅಣ್ಣನನ್ನು ಕೇಳಿರಿ: ಈ ಹೂವನ್ನು ನೀವೇ ಬಗ್ಗಿಸಿದಿರಾ, ಕೊಂಡು ತಂದಿರಾ?